ಚೀಟಿಯಲ್ಲಿ ಕಾಣದ ಕಿಡ್ನಿ

ಹಾಸನ ಸೀಮೆಯಲ್ಲಿ ‘ಅವರಿಗೆ ಒಂದೇ ಕಿಡ್ನಿ’ ಎಂಬ ಮಾತು ಕಿವಿಗೆ ಬಿದ್ದರೆ ಅರ್ಥವಾಯಿತು ಎಂದುಕೊಂಡು ಸುಮ್ಮನಾಗುತ್ತೇವೆ. ಬಿಡಿಸಿ ನೋಡಿದರೆ ಆ ಒಂದು ಮಾತಿನೊಳಗೆ ನಾಲ್ಕೈದು ಬೇರೆ ಬೇರೆ ಸ್ಥಿತಿಗಳು ಅಡಗಿವೆ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಒಂದು ಕಿಡ್ನಿ ಬೆಳೆಯದೆ ಹೋದವರು ಒಂದು ಬಗೆ. ಕಲ್ಲು ಕಟ್ಟಿಯೋ, ಕೀವು ತುಂಬಿಯೋ, ಗಡ್ಡೆ ಬೆಳೆದೋ ಒಂದನ್ನು ಆಪರೇಷನ್ ಮಾಡಿಸಿ ತೆಗೆಸಿಕೊಂಡವರು ಇನ್ನೊಂದು ಬಗೆ. ಮಗನಿಗೋ ತಮ್ಮನಿಗೋ ಗಂಡನಿಗೋ ತಮ್ಮದೊಂದನ್ನು ಕೊಟ್ಟು ಬಂದವರು ಮತ್ತೊಂದು ಬಗೆ. ಎರಡೂ ಇದ್ದು, ಅದರಲ್ಲೊಂದು ಸೊರಗಿ ಸಣ್ಣದಾಗಿ ಕೆಲಸ ನಿಲ್ಲಿಸಿದವರೂ ಇದ್ದಾರೆ. ಕಿಡ್ನಿ ಕಸಿ ಮಾಡಿಸಿಕೊಂಡವರನ್ನೂ ಜನ ‘ಒಂದೇ ಕಿಡ್ನಿಯಲ್ಲಿ ಬದುಕಿದ್ದಾರೆ’ ಎನ್ನುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಕೆಟ್ಟ ಎರಡನ್ನೂ ಇದ್ದಲ್ಲೇ ಬಿಟ್ಟು ಮೂರನೆಯದನ್ನು ಕೆಳಹೊಟ್ಟೆಯಲ್ಲಿ ಕೂರಿಸಿರುತ್ತಾರೆ. ಇದರ ಜೊತೆಗೆ ‘ಒಂದು ಕಿಡ್ನಿ ಹೋಗಿದೆ’ ಎಂಬ ನುಡಿಯೂ ಉಂಟು. ತೆಗೆದದ್ದಕ್ಕೂ ಅದೇ ಮಾತು, ಕೆಟ್ಟದ್ದಕ್ಕೂ ಅದೇ ಮಾತು. ಜಗಲಿಯ ಮೇಲೆ ಕೂತು ಆಡುವಾಗ ಈ ಗೊಂದಲದಿಂದ ಯಾರಿಗೂ ನಷ್ಟವಿಲ್ಲ. ಇದೇ ಗೊಂದಲ ಆಸ್ಪತ್ರೆಯ ಕೇಸ್ ಶೀಟಿಗೆ, ಡಿಸ್ಚಾರ್ಜ್ ಸಮರಿಗೆ ಹತ್ತಿಕೊಂಡರೆ ನಷ್ಟ ದೊಡ್ಡದು. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟು: ಒಂದು ಕಿಡ್ನಿ ಇಲ್ಲದಿರುವುದನ್ನು ಕಾಯಿಲೆ ಎಂದು ಬರೆಯಬಾರದು, ಬರೆಯದೆ ಬಿಡಲೂಬಾರದು. ಅದಕ್ಕೆಂದೇ ಒಂದು ಗುರುತು ಇದೆ, ಆ ಗುರುತಿನಲ್ಲೇ ಬರೆಯಬೇಕು.

ಆ ಗುರುತಿಗೆ ಆಸ್ಪತ್ರೆಗಳಲ್ಲಿ ಐಸಿಡಿ ಕೋಡ್ ಎನ್ನುತ್ತಾರೆ, ಅಂದರೆ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಸಂಕೇತ. ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞ ಜಾಕ್ ಬೆರ್ತಿಯೋಂ 1893ರಲ್ಲಿ ಮುಂದಿಟ್ಟ ಸಾವಿನ ಕಾರಣಗಳ ಪಟ್ಟಿ ಇದರ ಬೇರು. 1948ರ ಆರನೆಯ ಪರಿಷ್ಕರಣೆಯಿಂದ ವಿಶ್ವ ಆರೋಗ್ಯ ಸಂಸ್ಥೆ ಇದರ ಹೊಣೆ ಹೊತ್ತಿತು. ಸಾವಿನ ಕಾರಣಗಳ ಜೊತೆಗೆ ಬದುಕಿರುವವರ ಕಾಯಿಲೆಗಳೂ ಪಟ್ಟಿಗೆ ಸೇರಿದವು. ಹತ್ತನೆಯ ಪರಿಷ್ಕರಣೆಗೆ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಹನ್ನೊಂದನೆಯದು 2022ರ ಜನವರಿ 1ರಿಂದ ಜಾರಿಗೆ ಬಂದಿದ್ದರೂ ನಮ್ಮ ಆಸ್ಪತ್ರೆಗಳ ಕೈಯಲ್ಲಿ ಹೆಚ್ಚಾಗಿ ಓಡಾಡುತ್ತಿರುವುದು ಹತ್ತನೆಯದೇ. ಅದರಲ್ಲಿ ಒಂದೊಂದು ಅಧ್ಯಾಯಕ್ಕೂ ಇಂಗ್ಲಿಷಿನ ಅಕ್ಷರಗಳನ್ನು ಹಂಚಿಕೊಟ್ಟಿದ್ದಾರೆ. ಮೂತ್ರಾಂಗ ಮತ್ತು ಜನನಾಂಗಗಳ ಕಾಯಿಲೆಗಳಿಗೆ ಎನ್, ಹುಟ್ಟಿನಿಂದ ಬಂದ ಊನಗಳಿಗೆ ಕ್ಯೂ. ಕೊನೆಯ ಕಡೆಗೆ ಬರುವ ಇಪ್ಪತ್ತೊಂದನೆಯ ಅಧ್ಯಾಯದ ಅಕ್ಷರ ಝಡ್. ಈ ಝಡ್ ಅಧ್ಯಾಯವನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಅಲ್ಲಿರುವುದು ಕಾಯಿಲೆಗಳಲ್ಲ. ಆರೋಗ್ಯದ ಮೇಲೆ ಪ್ರಭಾವ ಬೀರುವ ಸಂಗತಿಗಳು, ಅಂದರೆ ವೈದ್ಯರಿಗೆ ಗೊತ್ತಿರಬೇಕಾದ ಆದರೆ ರೋಗವೆನಿಸದ ವಿಷಯಗಳು ಅಲ್ಲಿವೆ. ಒಂಬತ್ತನೆಯ ಪರಿಷ್ಕರಣೆಯ ತನಕ ಅನುಬಂಧದಂತೆ ಹಿಂದೆ ಉಳಿದಿದ್ದ ಈ ಭಾಗಕ್ಕೆ ಹತ್ತನೆಯದರಲ್ಲಿ ಅಧ್ಯಾಯದ ಸ್ಥಾನ ಸಿಕ್ಕಿತು. ಆಪರೇಷನ್ನಿನಿಂದ ಕಿಡ್ನಿ ಇಲ್ಲವಾದವರ ಗುರುತು ಇಲ್ಲಿದೆ: ಝಡ್ 90.5. ಹುಟ್ಟುವಾಗಲೇ ಒಂದು ಇಲ್ಲದವರಿಗೆ ಕ್ಯೂ 60.0. ಒಂದು ಸಣ್ಣದಾಗಿ ಸೊರಗಿದ್ದರೆ ಎನ್ 27.0. ಕಸಿಯಾದವರಿಗೆ ಝಡ್ 94.0. ಜಗಲಿಯ ಮಾತಿನಲ್ಲಿ ಒಂದೇ ಆಗಿದ್ದದ್ದು ಇಲ್ಲಿ ನಾಲ್ಕು ಗೂಡುಗಳಲ್ಲಿ ಬೇರೆಬೇರೆಯಾಗಿ ಕೂರುತ್ತದೆ.

ಒಂದು ಕಿಡ್ನಿ ಸಾಕು ಎಂಬುದು ಧೈರ್ಯ ಹೇಳಲು ಆಡುವ ಮಾತಲ್ಲ, ಪರೀಕ್ಷೆಗೆ ನಿಂತ ಸತ್ಯ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಗುಸ್ತಾವ್ ಸೀಮೊನ್ ಎಂಬ ಸರ್ಜನ್ 1869ರ ಆಗಸ್ಟ್ 2ರಂದು ಒಬ್ಬ ಮಹಿಳೆಯ ಒಂದು ಕಿಡ್ನಿಯನ್ನು ತೆಗೆದರು. ಒಂದರಲ್ಲಿ ಜೀವ ಉಳಿಯುತ್ತದೆಯೇ ಎಂದು ಮೊದಲು ನಾಯಿಗಳಲ್ಲಿ ನೋಡಿಕೊಂಡೇ ಅವರು ಕತ್ತಿ ಹಿಡಿದಿದ್ದರು. ಆ ಮಹಿಳೆ ಬದುಕಿದರು. 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರಿ ಮತ್ತು ಸಂಗಡಿಗರು ಅವಳಿ ಸಹೋದರರಲ್ಲಿ ಒಬ್ಬರ ಕಿಡ್ನಿಯನ್ನು ಇನ್ನೊಬ್ಬರಿಗೆ ಜೋಡಿಸಿದರು. ಕೊಟ್ಟ ರೊನಾಲ್ಡ್ ಹೆರಿಕ್ ಆಮೇಲೆ 56 ವರ್ಷ ಬದುಕಿ, 79ನೆಯ ವಯಸ್ಸಿನಲ್ಲಿ, 2010ರಲ್ಲಿ ತೀರಿಕೊಂಡರು. ನಮ್ಮ ದೇಶದಲ್ಲಿ ಬದುಕಿರುವವರಿಂದ ಪಡೆದ ಕಿಡ್ನಿಯ ಕಸಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಯಶಸ್ವಿಯಾಯಿತು. ಒಂದು ಹೋದ ಮೇಲೆ ಉಳಿದದ್ದು ಸುಮ್ಮನೆ ಕೂರುವುದಿಲ್ಲ. ಅದು ಹಿಗ್ಗುತ್ತದೆ, ಹೆಚ್ಚು ರಕ್ತವನ್ನು ಸೋಸುತ್ತದೆ. ಎರಡು ಸೇರಿ ಮಾಡುತ್ತಿದ್ದ ಕೆಲಸದ ನೂರರಲ್ಲಿ ಐವತ್ತಕ್ಕೆ ಇಳಿಯಬೇಕಾದದ್ದು ಸುಮಾರು ಎಪ್ಪತ್ತರ ಹತ್ತಿರ ನಿಲ್ಲುತ್ತದೆ. ಇಷ್ಟೆಲ್ಲ ತಿಳಿದ ಮೇಲೆ ಒಂದು ಕಿಡ್ನಿಯವರನ್ನು ರೋಗಿ ಎಂದು ಕರೆಯಲು ನಾಲಗೆ ಏಳಬಾರದು.

ಆದರೆ ಸಾಕಾಗುವುದು ಬೇರೆ, ಮಿಕ್ಕಿ ಉಳಿಯುವುದು ಬೇರೆ. ಎರಡು ಎತ್ತಿನ ಗಾಡಿಯಲ್ಲಿ ಒಂದು ಕುಂಟಿದರೆ ಇನ್ನೊಂದು ಹೇಗೋ ಮನೆ ಮುಟ್ಟಿಸುತ್ತದೆ. ಒಂಟೆತ್ತಿನ ಗಾಡಿಯಲ್ಲಿ ಆ ಎತ್ತು ಕುಂಟಿದರೆ ನಡುದಾರಿಯೇ ಗತಿ. ಇರುವ ಒಂದರ ಮೇಲೆ ಬೀಳುವ ಹೆಚ್ಚಿನ ಒತ್ತಡವೇ ವರ್ಷಗಳು ಕಳೆದಂತೆ ಅದನ್ನು ಸವೆಸಬಹುದು ಎಂಬ ವಾದವನ್ನು ಬ್ಯಾರಿ ಬ್ರೆನ್ನರ್ ಮತ್ತು ಸಹೋದ್ಯೋಗಿಗಳು 1982ರಲ್ಲಿ ಮಂಡಿಸಿದರು. ಆ ಮೇಲೆ ಬಂದ ಅಂಕಿಗಳು ಎಲ್ಲರಿಗೂ ಒಂದೇ ಉತ್ತರ ಕೊಟ್ಟಿಲ್ಲ, ನನ್ನ ವಾದಕ್ಕೆ ಅದೇ ಆಧಾರ. ಅಮೆರಿಕದ ಕಿಡ್ನಿ ದಾನಿಗಳ ಮೇಲೆ 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಅಂದಾಜಿನಂತೆ, 10,000 ದಾನಿಗಳಲ್ಲಿ ಸುಮಾರು 90 ಮಂದಿಗೆ ಜೀವಮಾನದಲ್ಲಿ ಎಂದಾದರೂ ಕಿಡ್ನಿ ಪೂರ್ತಿ ಕೆಡುತ್ತದೆ. ದಾನಿಗಳಷ್ಟೇ ಆರೋಗ್ಯವಂತರಾಗಿದ್ದು ಕೊಡದೆ ಉಳಿದವರಲ್ಲಿ ಆ ಸಂಖ್ಯೆ 14. ಯಾವ ತಪಾಸಣೆಗೂ ಒಳಗಾಗದ ಸಾಮಾನ್ಯ ಜನರಲ್ಲಿ 326. ಅಂದರೆ ದಾನಿಗೆ ಅಪಾಯ ಸ್ವಲ್ಪ ಏರುತ್ತದೆ ನಿಜ, ಆದರೂ ರಸ್ತೆಯಲ್ಲಿ ಹೋಗುವ ಯಾರನ್ನೋ ಕರೆದು ನಿಲ್ಲಿಸಿದರೆ ಅವರಿಗಿಂತ ದಾನಿಯೇ ಗಟ್ಟಿ, ಏಕೆಂದರೆ ಗಟ್ಟಿಯಿದ್ದಾರೆ ಎಂದು ನೋಡಿಯೇ ಅವರಿಂದ ಪಡೆದಿರುತ್ತಾರೆ. ಹುಟ್ಟಿನಿಂದ ಒಂದೇ ಇರುವ ಮಕ್ಕಳ ಕತೆ ಬೇರೆ. ನೆದರ್ಲೆಂಡ್ಸಿನಲ್ಲಿ ಇಂಥ ಮಕ್ಕಳನ್ನು ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ ಹದಿಹರೆಯಕ್ಕೆ ಬರುವ ಹೊತ್ತಿಗೆ ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳಲ್ಲಿ ರಕ್ತದೊತ್ತಡವೋ, ಮೂತ್ರದಲ್ಲಿ ಪ್ರೋಟೀನ್ ಸೋರಿಕೆಯೋ, ಸೋಸುವ ಶಕ್ತಿ ಇಳಿದದ್ದೋ ಏನಾದರೊಂದು ಲಕ್ಷಣ ಕಂಡಿತು. ಗಡ್ಡೆಯಾಗಿ ತೆಗೆಸಿದವರಲ್ಲಿ ಭಯ ಗಡ್ಡೆ ಮರಳುವುದರದು. ಕಲ್ಲಿನಿಂದ ಕಳೆದುಕೊಂಡವರಲ್ಲಿ ಉಳಿದದ್ದರಲ್ಲೂ ಕಲ್ಲು ಕಟ್ಟುವುದರದು. ಹೀಗಾಗಿ ಕೇಸ್ ಶೀಟಿನಲ್ಲಿ ‘ಒಂದು ಕಿಡ್ನಿ’ ಎಂದಷ್ಟೇ ಗೀಚಿದರೆ ವೈದ್ಯರಿಗೆ ಸಿಕ್ಕಿದ್ದು ಅರ್ಧ ಸುದ್ದಿ. ಯಾವ ಬಗೆಯ ಒಂಟಿ ಕಿಡ್ನಿ ಎಂಬುದೇ ಮುಂದಿನ ನಿಗಾ ಹೇಗಿರಬೇಕೆಂದು ತೀರ್ಮಾನಿಸುವ ಸಂಗತಿ.

ನಮ್ಮ ಜಿಲ್ಲೆಗೆ ಇದು ಎಷ್ಟು ದೊಡ್ಡ ವಿಷಯ? ಹುಟ್ಟಿನಿಂದ ಒಂದು ಕಿಡ್ನಿ ಇಲ್ಲದವರು ಸಾವಿರದಿಂದ ಎರಡು ಸಾವಿರ ಮಂದಿಗೆ ಒಬ್ಬರಂತೆ ಇರುತ್ತಾರೆಂದು ವೈದ್ಯಶಾಸ್ತ್ರ ಅಂದಾಜು ಮಾಡುತ್ತದೆ. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ಭಾಗಿಸಿ ನೋಡಿದರೆ ಸುಮಾರು 900ರಿಂದ 1,800 ಜನ. ಇದು ತಲೆ ಎಣಿಸಿದ ಲೆಕ್ಕವಲ್ಲ, ಬರಿಯ ಗುಣಾಕಾರ ಭಾಗಾಕಾರ. ತೆಗೆಸಿಕೊಂಡವರು, ಕೊಟ್ಟವರು ಇದಕ್ಕೆ ಸೇರಿಲ್ಲ. ಹುಟ್ಟಿನಿಂದ ಒಂದೇ ಇರುವವರಲ್ಲಿ ಬಹುಮಂದಿಗೆ ಆ ವಿಷಯ ತಿಳಿದೇ ಇರುವುದಿಲ್ಲ. ಯಾವುದೋ ಹೊಟ್ಟೆನೋವಿಗೆ ಸ್ಕ್ಯಾನಿಂಗ್ ಮಾಡಿಸಿದಾಗ ಬೆಳಕಿಗೆ ಬರುತ್ತದೆ. ಸ್ಕ್ಯಾನಿಂಗ್ ರಿಪೋರ್ಟು ಪ್ಲಾಸ್ಟಿಕ್ ಕವರಿಗೆ, ಕವರು ಬೀರುವಿಗೆ ಹೋಗುತ್ತದೆ. ಮುಂದಿನ ಸಲ ಬೇರೆ ಕಾಯಿಲೆಗೆ ಬೇರೆ ಆಸ್ಪತ್ರೆಗೆ ಹೋದಾಗ ಆ ಕವರು ಮನೆಯಲ್ಲೇ ಇರುತ್ತದೆ.

ಬೇರೆ ಆಸ್ಪತ್ರೆಗೆ ಹೋಗುವುದು ನಮ್ಮಲ್ಲಿ ಅಪರೂಪವಲ್ಲ, ಅದೇ ನಿಯಮ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ತಾಲ್ಲೂಕು ಆಸ್ಪತ್ರೆಯಲ್ಲಿ ಶುರುವಾದ ಚಿಕಿತ್ಸೆ ಮೂವತ್ತು ನಲವತ್ತು ಕಿಲೋಮೀಟರ್ ದೂರದ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಗೆ, ಅಂದರೆ ನಾವೆಲ್ಲ ಹಿಮ್ಸ್ ಎನ್ನುವಲ್ಲಿಗೆ, ಬರುತ್ತದೆ. ಅಲ್ಲಿಂದಾಚೆ ಹೊಳೆನರಸೀಪುರ, ಅರಕಲಗೂಡಿನವರಿಗೆ ಮೈಸೂರು ಸಲೀಸು. ಚನ್ನರಾಯಪಟ್ಟಣದವರಿಗೆ ಹೆದ್ದಾರಿ ಹಿಡಿದರೆ ಬೆಂಗಳೂರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲೂ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಪಡೆದು ಮುಂದಕ್ಕೆ ಎಂಬುದೇ ಕ್ರಮ. ರೋಗಿ ಮೂರು ಕಡೆ ಮಲಗುತ್ತಾರೆ, ಮೂರು ಕಡೆ ಹೊಸ ಕೇಸ್ ಶೀಟು ತೆರೆಯುತ್ತದೆ. ಈ ದಾರಿಯುದ್ದಕ್ಕೂ ಉಳಿದ ಕಿಡ್ನಿಗೆ ಪೆಟ್ಟು ಬೀಳುವ ಜಾಗಗಳು ಎಷ್ಟಿವೆ ನೋಡಿ. ಮಂಡಿನೋವಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್, ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆಯುವ ಐಬುಪ್ರೊಫೆನ್, ಸೋಂಕಿಗೆ ಜೆಂಟಾಮೈಸಿನ್ ಅಥವಾ ಅಮಿಕಾಸಿನ್, ಸಿಟಿ ಸ್ಕ್ಯಾನಿಗೆ ರಕ್ತನಾಳದಲ್ಲಿ ಬಿಡುವ ಬಣ್ಣದ ಔಷಧಿ. ಇವುಗಳಲ್ಲಿ ಯಾವುದೂ ವಿಷವಲ್ಲ, ಕೊಡಲೇಬಾರದ್ದೂ ಅಲ್ಲ. ಒಂದು ಕಿಡ್ನಿ ಎಂದು ಗೊತ್ತಿದ್ದರೆ ವೈದ್ಯರು ಪ್ರಮಾಣ ತಗ್ಗಿಸುತ್ತಾರೆ, ಬೇರೆ ಔಷಧಿ ಆರಿಸುತ್ತಾರೆ, ನೀರು ಕಡಿಮೆಯಾಗದಂತೆ ಡ್ರಿಪ್ ಹಾಕಿಸುತ್ತಾರೆ, ಕಿಡ್ನಿ ಹೇಗೆ ಸೋಸುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯನ್ನು ಎರಡು ದಿನ ಬಿಟ್ಟು ಮತ್ತೆ ಮಾಡಿಸುತ್ತಾರೆ. ಎರಡು ಕಿಡ್ನಿಯವರ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ಅದು ತಡೆಯಲಾರದ ನೋವು. ಒಂದು ಕಿಡ್ನಿಯವರಲ್ಲಿ ಅದೇ ಕಲ್ಲು ಮೂತ್ರವನ್ನೇ ನಿಲ್ಲಿಸಿ ಗಂಟೆಗಳ ಲೆಕ್ಕದ ತುರ್ತಾಗುತ್ತದೆ. ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲೋ, ಅರಕಲಗೂಡಿನ ಹೊಗೆಸೊಪ್ಪಿನ ಹೊಲದಲ್ಲೋ, ಹೊಳೆನರಸೀಪುರದ ಗದ್ದೆಬದುವಿನಲ್ಲೋ ಕೊಳಕುಮಂಡಲ ಕಚ್ಚಿದರೆ ಅದರ ವಿಷ ನೇರ ಕಿಡ್ನಿಗೇ ಕೈಹಾಕುತ್ತದೆ. ಆಗ ರೋಗಿಯ ಜೊತೆ ಬಂದವರು ಪಕ್ಕದ ಹೊಲದವರೋ, ಆಟೋದವರೋ ಆಗಿರುತ್ತಾರೆ. ರೋಗಿಯೇ ಬಾಯಿಬಿಟ್ಟು ಹೇಳುತ್ತಾರೆ, ಬರೆಯುವುದೇಕೆ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಪ್ರಜ್ಞೆ ತಪ್ಪಿದವರು ಹೇಳಲಾರರು, ಗೊತ್ತಿಲ್ಲದವರು ಹೇಳಲಾರರು.

ಕ್ರಿಯಾಟಿನಿನ್ ಪರೀಕ್ಷೆ ಇದೆಯಲ್ಲ, ಅದರಲ್ಲೇ ತಿಳಿಯುತ್ತದೆ ಎನ್ನುವವರಿದ್ದಾರೆ. ತಿಳಿಯುವುದಿಲ್ಲ. ಒಂದು ಕಿಡ್ನಿ ಚೆನ್ನಾಗಿ ದುಡಿಯುತ್ತಿದ್ದರೆ ಕ್ರಿಯಾಟಿನಿನ್ ಲ್ಯಾಬಿನ ಸಾಮಾನ್ಯ ಮಿತಿಯೊಳಗೇ ಇರುತ್ತದೆ. ರಿಪೋರ್ಟ್ ನಾರ್ಮಲ್ ಎಂದು ಬರುತ್ತದೆ, ಹಿಂದೆ ಎತ್ತಿಟ್ಟ ಮೀಸಲು ಏನೂ ಉಳಿದಿಲ್ಲ ಎಂಬುದನ್ನು ಅದು ಹೇಳುವುದಿಲ್ಲ. ಆ ಕೊರತೆಯನ್ನು ತುಂಬಬಲ್ಲದ್ದು ಬರೆದಿಟ್ಟ ಗುರುತು ಮಾತ್ರ.

ಇಷ್ಟು ಹೇಳಿದ ಮೇಲೆ ಎದುರಾಗುವ ಗಟ್ಟಿಯಾದ ಆಕ್ಷೇಪಕ್ಕೆ ಬರುತ್ತೇನೆ. ಇಂಥದ್ದನ್ನು ದಾಖಲೆಗೆ ಹತ್ತಿಸಿದರೆ ಆ ವ್ಯಕ್ತಿಗೆ ತೊಂದರೆಯೇ ಹೆಚ್ಚಲ್ಲವೇ? ಹೆಣ್ಣುಮಗಳಾದರೆ ಸಂಬಂಧ ಕೂಡಿಬರುವುದು ಕಷ್ಟ, ಕೆಲಸಕ್ಕೆ ಸೇರುವಾಗ ಪ್ರಶ್ನೆ, ವಿಮೆ ಮಾಡಿಸುವಾಗ ತಿರಸ್ಕಾರ. ತಮ್ಮದೊಂದನ್ನು ಕೊಟ್ಟು ಒಂದು ಜೀವ ಉಳಿಸಿದ ದಾನಿಗೆ ನಾವೇ ರೋಗಿಯೆಂಬ ಹಣೆಪಟ್ಟಿ ಕಟ್ಟಿದಂತಾಗುವುದಿಲ್ಲವೇ? ಈ ಭಯ ಸುಳ್ಳಲ್ಲ, ಇದನ್ನು ಹಗುರವಾಗಿ ತಳ್ಳಿಹಾಕುವವರು ಹಳ್ಳಿಯ ಮದುವೆ ಮಾತುಕತೆ ಕಂಡವರಲ್ಲ. ಆದರೆ ಈ ತೊಂದರೆ ಎಲ್ಲಿಂದ ಬರುತ್ತದೆ ಎಂದು ಹುಡುಕಿದರೆ, ಬಹುಪಾಲು ಬರುವುದು ಸರಿಯಾದ ಗುರುತಿನಿಂದಲ್ಲ, ತಪ್ಪು ಗುರುತಿನಿಂದ. ಕಿಡ್ನಿಯ ದೀರ್ಘಕಾಲದ ಕಾಯಿಲೆಗೆ ಇರುವ ಕೋಡ್ ಎನ್ 18. ಸೋಸುವ ವೇಗ ನಿಮಿಷಕ್ಕೆ 60 ಮಿಲಿಲೀಟರಿಗಿಂತ ಕೆಳಗೆ ಮೂರು ತಿಂಗಳಿಗೂ ಹೆಚ್ಚು ಕಾಲ ನಿಂತರೆ ಆ ಹೆಸರು ಬರುತ್ತದೆ. ನೂರಕ್ಕೆ ಎಪ್ಪತ್ತರ ಹತ್ತಿರ ಶಕ್ತಿ ಉಳಿಸಿಕೊಂಡ ದಾನಿಗೆ ವಯಸ್ಸಿನ ಇಳಿತವೂ ಸೇರಿದಾಗ ಸೋಸುವ ವೇಗ 58ಕ್ಕೋ 59ಕ್ಕೋ ಬಂದು ನಿಲ್ಲುವುದು ಸಹಜ. ಮೂತ್ರದಲ್ಲಿ ಪ್ರೋಟೀನ್ ಇಲ್ಲ, ರಕ್ತದೊತ್ತಡ ಇಲ್ಲ, ವರ್ಷದಿಂದ ವರ್ಷಕ್ಕೆ ಇಳಿಕೆ ಇಲ್ಲ. ಆದರೆ ದಾನಿಯೆಂಬ ವಿವರ ಎದುರಿಗಿಲ್ಲದ ವೈದ್ಯರು ಲ್ಯಾಬಿನ ಸಂಖ್ಯೆಯೊಂದನ್ನೇ ನೋಡಿ ‘ಕಿಡ್ನಿ ಕಾಯಿಲೆ, ಮೂರನೆಯ ಹಂತ’ ಎಂದು ಬರೆದರೆ ಅವರನ್ನು ಪೂರ್ತಿ ದೂರುವಂತಿಲ್ಲ. ಎದುರಿಗಿದ್ದ ಖಾಲಿ ಜಾಗವೇ ಅವರ ಕೈಯಲ್ಲಿ ಹಾಗೆ ಬರೆಸಿತು.

ಈ ತಪ್ಪು ಗುರುತಿನ ಪರಿಣಾಮ ಕಾಗದದ ಮೇಲೆಯೇ ಇದೆ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ 2019ರಲ್ಲಿ ಆರೋಗ್ಯ ವಿಮೆಯ ಹೊರಗಿಡುವಿಕೆಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಪಾಲಿಸಿ ಕೊಳ್ಳುವಾಗಲೇ ಇದ್ದ ಕೆಲವು ಕಾಯಿಲೆಗಳನ್ನು ವಿಮಾ ಕಂಪನಿಗಳು ಶಾಶ್ವತವಾಗಿ ಹೊರಗಿಡಬಹುದು ಎಂದು ಅದರಲ್ಲೊಂದು ಪಟ್ಟಿ ಕೊಟ್ಟಿತು, ಅದೂ ಐಸಿಡಿ ಕೋಡುಗಳ ಸಮೇತ. ಕಿಡ್ನಿಯ ದೀರ್ಘಕಾಲದ ಕಾಯಿಲೆಯ ಸಾಲಿನಲ್ಲಿ ಎನ್ 17ರಿಂದ ಎನ್ 19ರವರೆಗಿನ ಕೋಡುಗಳಿದ್ದವು. ಝಡ್ 90.5 ಆ ಸಾಲಿನಲ್ಲಿರಲಿಲ್ಲ, ಕ್ಯೂ 60.0 ಕೂಡ ಇರಲಿಲ್ಲ. ಒಬ್ಬರೇ ವ್ಯಕ್ತಿ, ಅದೇ ದೇಹ, ಅದೇ 58ರ ಸಂಖ್ಯೆ. ಗುಮಾಸ್ತರ ಬೆರಳು ಎನ್ ಒತ್ತಿದರೆ ಒಂದು ಗತಿ, ಝಡ್ ಒತ್ತಿದರೆ ಇನ್ನೊಂದು. ಬರೆಯದೆ ಮುಚ್ಚಿಟ್ಟರೆ ರಕ್ಷಣೆ ಸಿಗುತ್ತದೆ ಎಂಬುದೂ ಭ್ರಮೆ. ವಿಮೆಯ ಅರ್ಜಿಯಲ್ಲಿ ಹೇಳದೆ ಬಿಟ್ಟದ್ದು ಆಮೇಲೆ ಆಪರೇಷನ್ನಿನ ಕಲೆಯಿಂದ ಹೊರಬಿದ್ದರೆ ಮುಚ್ಚಿಟ್ಟರೆಂಬ ಆರೋಪವೂ ಸೇರಿ ಹಣ ನಿಲ್ಲಬಹುದು. ಇನ್ನು ಊರಿಗೆಲ್ಲ ಗೊತ್ತಾಗುವ ಭಯಕ್ಕೆ ಮದ್ದು ದಾಖಲೆಯನ್ನು ಬರೆಯದಿರುವುದಲ್ಲ, ಬರೆದದ್ದನ್ನು ಕಾಯುವುದು. ಆಭಾ ಎಂಬ ಹದಿನಾಲ್ಕು ಅಂಕೆಯ ಡಿಜಿಟಲ್ ಆರೋಗ್ಯ ಖಾತೆಯಲ್ಲಿ ರೋಗಿಯ ಒಪ್ಪಿಗೆ ಇಲ್ಲದೆ ದಾಖಲೆ ಹಂಚುವಂತಿಲ್ಲ ಎಂಬ ನಿಯಮವಿದೆ, 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಬಂದಿದೆ. ನಿಯಮ ಇದ್ದಷ್ಟಕ್ಕೇ ಆಚರಣೆ ಆಗಿಬಿಡುವುದಿಲ್ಲ, ಒಪ್ಪುತ್ತೇನೆ. ವಾರ್ಡಿನ ಮಂಚಕ್ಕೆ ಎಲ್ಲರೂ ಓದುವಂತೆ ಕೇಸ್ ಶೀಟು ತೂಗುಹಾಕುವ ಅಭ್ಯಾಸ ಮೊದಲು ನಿಲ್ಲಬೇಕು.

ಓದಿಕೊಂಡವರಿಂದ ಇನ್ನೊಂದು ಪ್ರಶ್ನೆ ಬರಬಹುದು. ಕಿಡ್ನಿಯ ಕಾಯಿಲೆಯ ಅಂತರರಾಷ್ಟ್ರೀಯ ವ್ಯಾಖ್ಯೆಯಲ್ಲಿ ರಚನೆಯ ದೋಷವೂ ಒಂದು ಲಕ್ಷಣ. ಹಾಗಿದ್ದರೆ ಒಂದು ಕಿಡ್ನಿ ಇಲ್ಲದಿರುವುದೇ ಕಾಯಿಲೆಯ ಹೆಸರಿಗೆ ಸಾಕಲ್ಲವೇ ಎಂದು. ಅಕ್ಷರಕ್ಕೆ ಅಕ್ಷರ ಹಿಡಿದರೆ ಹಾಗೆ ವಾದಿಸಬಹುದು. ಆದರೆ ವ್ಯಾಖ್ಯೆ ಹುಟ್ಟಿದ್ದು ಕೆಡುತ್ತಿರುವ ಕಿಡ್ನಿಯನ್ನು ಬೇಗ ಗುರುತಿಸಲು. ಉಳಿದ ಕಿಡ್ನಿ ಕೆಡುತ್ತಿದೆ ಎಂಬುದಕ್ಕೆ ಪುರಾವೆ ಸಿಕ್ಕ ದಿನ ಎನ್ 18 ಧಾರಾಳವಾಗಿ ಬರಲಿ, ಅದರ ಪಕ್ಕದಲ್ಲಿ ಝಡ್ 90.5 ಅಥವಾ ಕ್ಯೂ 60.0 ಕೂಡ ಇರಲಿ. ಎರಡು ಕೋಡು ಒಟ್ಟಿಗೆ ಕೂರಬಾರದೆಂದೇನಿಲ್ಲ. ಪುರಾವೆಗೆ ಮೊದಲೇ ಎನ್ ಬರೆದಿಟ್ಟರೆ, ನಿಜವಾಗಿ ಕೆಡಲು ಶುರುವಾದ ದಿನ ಯಾವುದೆಂದು ಆ ದಾಖಲೆಯಿಂದ ಯಾರೂ ಕಂಡುಹಿಡಿಯಲಾರರು.

ಕೋಡ್ ಎಂಬುದು ರೆಕಾರ್ಡ್ ಸೆಕ್ಷನ್ನಿನವರ ಕೆಲಸ, ವೈದ್ಯರ ತಲೆನೋವಲ್ಲ ಎಂಬ ಮಾತೂ ಇದೆ. ತಾಲ್ಲೂಕು ಆಸ್ಪತ್ರೆಯ ಒಪಿಡಿ ಮುಂದೆ ಬೆಳಿಗ್ಗೆ ಹತ್ತು ಗಂಟೆಗೆ ಇರುವ ಸಾಲನ್ನು ನೋಡಿದವರು ವೈದ್ಯರ ಮೇಲೆ ಇನ್ನೊಂದು ಹೊರೆ ಹೊರಿಸಲು ಹಿಂಜರಿಯುತ್ತಾರೆ, ನಾನೂ ಹಿಂಜರಿಯುತ್ತೇನೆ. ಆದರೆ ಕೋಡ್ ಹಾಕುವವರು ವೈದ್ಯರು ಬರೆಯದ್ದನ್ನು ಊಹಿಸಿ ಹಾಕುವಂತಿಲ್ಲ. ಕೇಸ್ ಶೀಟಿನಲ್ಲಿ ‘ಬಲ ಕಿಡ್ನಿ ಇಲ್ಲ, ಕಲ್ಲಿಗಾಗಿ ಆಪರೇಷನ್, 2012’ ಎಂಬ ಒಂದು ಸಾಲು ಇದ್ದರೆ ಮಿಕ್ಕದ್ದನ್ನು ಅವರು ಮಾಡುತ್ತಾರೆ. ಆ ಸಾಲು ಬರೆಯಲು ಹತ್ತು ಸೆಕೆಂಡು ಸಾಕು. ತೊಡಕು ಸಮಯದ್ದಕ್ಕಿಂತ ಹೆಚ್ಚಾಗಿ ರೂಢಿಯದು ಎಂದು ನನಗೆ ಅನಿಸುತ್ತದೆ. ಸರ್ಕಾರಿ ಯೋಜನೆಗಳಲ್ಲಿ ಹಣ ಬರುವುದು ಚಿಕಿತ್ಸೆಯ ಪ್ಯಾಕೇಜ್ ಕೋಡಿಗೆ. ಕಲ್ಲು ತೆಗೆದದ್ದಕ್ಕೆ ಹಣವಿದೆ, ಡಯಾಲಿಸಿಸ್‌ಗೆ ಹಣವಿದೆ. ಇಲ್ಲದ ಕಿಡ್ನಿಗೆ ಯಾವ ಪ್ಯಾಕೇಜೂ ಇಲ್ಲ. ಹಣ ತರದ ಸಂಗತಿ ಚೀಟಿಯಿಂದ ಮೆಲ್ಲಗೆ ಜಾರಿಹೋಗುತ್ತದೆ, ಯಾರೂ ಬೇಕೆಂದು ಬಿಡುವುದಿಲ್ಲ.

ದಾಖಲೆ ಅಸ್ಪಷ್ಟವಾಗಿದ್ದರೆ ಒಂದು ಜಿಲ್ಲೆ ಎಷ್ಟು ನಡುಗಬಹುದು ಎಂಬುದನ್ನು ಹಾಸನ 2025ರಲ್ಲಿ ಕಂಡಿತು. ಮೇ, ಜೂನ್ ತಿಂಗಳಲ್ಲಿ ಹಠಾತ್ ಸಾವುಗಳ ಸುದ್ದಿ ಒಂದರ ಮೇಲೊಂದು ಬಂದು ಎಲ್ಲವೂ ಹೃದಯಾಘಾತ ಎಂದೇ ಎಣಿಕೆಯಾದವು. ಜನ ಹೆದರಿ ತಪಾಸಣೆಗೆಂದು ಆಸ್ಪತ್ರೆಗಳಿಗೆ ಮುಗಿಬಿದ್ದರು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ ಅವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ ಎಂದು ತಿಳಿಯಿತು. ಉಳಿದವುಗಳಲ್ಲೂ ಒಂದಷ್ಟು ಪರೀಕ್ಷೆಯ ಆಧಾರವಿಲ್ಲದೆ ಊಹೆಯ ಮೇಲೆ ನಿಂತಿದ್ದವು. ಕಾರಣ ಹುಡುಕಲು ಹೊರಟವರಿಗೆ ಬರೆದಿಡದ ವಿವರಗಳು ಅಡ್ಡ ಬರುತ್ತವೆ. ಮರಣದ ಕಾರಣ ಬರೆಯುವ ಅಧಿಕೃತ ನಮೂನೆಯಲ್ಲಿ ಮುಖ್ಯ ಕಾರಣದ ಸರಣಿಯ ಕೆಳಗೆ, ಸಾವಿಗೆ ನೆರವಾದ ಇತರ ಸಂಗತಿಗಳಿಗೆಂದು ಎರಡನೆಯ ಭಾಗವಿದೆ. ಕಿಡ್ನಿ ಕೆಟ್ಟು ತೀರಿಕೊಂಡವರಿಗೆ ಇದ್ದದ್ದು ಒಂದೇ ಕಿಡ್ನಿ ಎಂಬುದಕ್ಕೆ ತಕ್ಕ ಜಾಗ ಅದು. ಬರೆದಿಟ್ಟದ್ದೇ ಎಣಿಕೆಗೂ ಆಧಾರ. ಹಾವು ಕಡಿತವನ್ನು ಕರ್ನಾಟಕ 2024ರಲ್ಲಿ ಸರ್ಕಾರಕ್ಕೆ ತಿಳಿಸಲೇಬೇಕಾದ ಸಂಗತಿಯಾಗಿ ಮಾಡಿತು. ಯಾವ ಆಸ್ಪತ್ರೆಗೆ ಎಷ್ಟು ಔಷಧಿ ಬೇಕೆಂದು ತಿಳಿಯಲು ಎಣಿಕೆ ಬೇಕು ಎಂಬುದೇ ಅದರ ಹಿಂದಿನ ತರ್ಕ. ಒಂಟಿ ಕಿಡ್ನಿಗೆ ಅಂಥ ಆದೇಶ ಬೇಕೆಂದು ನಾನು ಕೇಳುತ್ತಿಲ್ಲ. ಇರುವ ಕೋಡನ್ನು ಬಳಸಿದರೆ ಎಣಿಕೆ ತಾನಾಗಿಯೇ ಬರುತ್ತದೆ.

ಬರೆಯಬೇಕು ಎಂದು ಇಷ್ಟು ಹೇಳಿದವನು ಅವಸರದಲ್ಲಿ ಬರೆಯಬಾರದು ಎಂದೂ ಹೇಳಬೇಕು. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಎಡ ಕಿಡ್ನಿ ಅದರ ಜಾಗದಲ್ಲಿ ಕಾಣಲಿಲ್ಲ’ ಎಂದು ಬಂದರೆ ಅದು ಇಲ್ಲ ಎಂದರ್ಥವಲ್ಲ. ಕೆಲವರಲ್ಲಿ ಕಿಡ್ನಿ ಮೇಲಕ್ಕೆ ಏರದೆ ಕಿಬ್ಬೊಟ್ಟೆಯಲ್ಲೇ ಉಳಿದಿರುತ್ತದೆ. ಅದಕ್ಕೆ ಬೇರೆಯೇ ಕೋಡ್ ಇದೆ, ಕ್ಯೂ 63.2. ಸರಿಯಾಗಿ ಹುಡುಕದೆ ಇಲ್ಲವೆಂದು ಬರೆದರೆ, ಮುಂದೊಂದು ದಿನ ಹೊಟ್ಟೆ ಕೊಯ್ದ ಸರ್ಜನ್ನಿನ ಕೈಗೆ ಆ ಕಿಡ್ನಿಯೇ ಗಡ್ಡೆಯಂತೆ ಸಿಕ್ಕೀತು. ಅನುಮಾನವಿದ್ದಾಗ ಅನುಮಾನ ಎಂದೇ ಬರೆದು, ದೊಡ್ಡ ಊರಿನಲ್ಲಿ ಸಿಟಿ ಅಥವಾ ಐಸೋಟೋಪ್ ಸ್ಕ್ಯಾನ್ ಆದ ಮೇಲೆ ಕೋಡ್ ಕೊಡುವುದು ಸರಿ. ಕೋಡಿನ ಮಿತಿಯೂ ತಿಳಿದಿರಲಿ. ಹತ್ತನೆಯ ಪರಿಷ್ಕರಣೆಯ ಝಡ್ 90.5 ಎಡವೋ ಬಲವೋ ಹೇಳುವುದಿಲ್ಲ, ಕೊಟ್ಟದ್ದೋ ಕೆಟ್ಟದ್ದೋ ಎಂದೂ ಹೇಳುವುದಿಲ್ಲ. ದಾನಿ ಎಂಬುದಕ್ಕಿರುವ ಝಡ್ 52.4 ಕೊಡುವ ಹೊತ್ತಿನ ಗುರುತು, ಇಪ್ಪತ್ತು ವರ್ಷದ ಮೇಲೆ ಬಂದವರಿಗಲ್ಲ. ಕ್ಯಾನ್ಸರ್ ಗಡ್ಡೆಯ ಹಿನ್ನೆಲೆ ಇದ್ದವರಿಗೆ ಝಡ್ 85.5 ಜೊತೆಗೆ ಸೇರಬೇಕು. ಎಡ ಬಲ ಸೂಚಿಸುವ ಜೋಡುಗುರುತು ಹನ್ನೊಂದನೆಯ ಪರಿಷ್ಕರಣೆಯಲ್ಲಿ ಇದೆ. ಅಲ್ಲಿಯ ತನಕ ಕೋಡಿನ ಪಕ್ಕದಲ್ಲಿ ಮಾತಿನಲ್ಲೂ ಬರೆಯುವುದನ್ನು ಬಿಡುವಂತಿಲ್ಲ.

ಎಲ್ಲಕ್ಕಿಂತ ಮೊದಲು ಎಲ್ಲಿ ಶುರುಮಾಡಬೇಕು ಎಂದು ಕೇಳಿದರೆ ಬಸುರಿಯರ ಕೈಯಲ್ಲಿರುವ ತಾಯಿ ಕಾರ್ಡಿನಿಂದ ಎನ್ನುತ್ತೇನೆ. ಹುಟ್ಟಿನಿಂದ ಒಂದು ಕಿಡ್ನಿ ಇಲ್ಲದ ಹೆಣ್ಣುಮಕ್ಕಳಲ್ಲಿ ಗಣನೀಯ ಪಾಲಿನವರಿಗೆ ಗರ್ಭಕೋಶದ ರಚನೆಯಲ್ಲೂ ವ್ಯತ್ಯಾಸವಿರುತ್ತದೆ, ಏಕೆಂದರೆ ಭ್ರೂಣದಲ್ಲಿ ಎರಡೂ ಅಕ್ಕಪಕ್ಕದಲ್ಲೇ ರೂಪುಗೊಳ್ಳುತ್ತವೆ. ಕೆನಡಾದ ಒಂಟಾರಿಯೊದಲ್ಲಿ ಕಿಡ್ನಿ ದಾನ ಮಾಡಿದ ಮಹಿಳೆಯರ ಬಸಿರನ್ನು ಹೋಲಿಸಿ ನೋಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರ ಬಸಿರುಗಳಲ್ಲಿ ನೂರಕ್ಕೆ 11ರಲ್ಲಿ ರಕ್ತದೊತ್ತಡ ಅಥವಾ ನಂಜಿನ ತೊಡಕು ಕಂಡಿತು. ದಾನ ಮಾಡದ ಆರೋಗ್ಯವಂತ ಮಹಿಳೆಯರಲ್ಲಿ 5. ಹೆಚ್ಚಿನವರ ಹೆರಿಗೆ ಸುಖವಾಗಿಯೇ ಆಯಿತು, ಆದರೆ ವ್ಯತ್ಯಾಸ ಎರಡರಷ್ಟು. ಅರಕಲಗೂಡಿನ ಯಾವುದೋ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ಪ್ರತಿ ತಿಂಗಳು ಕೈಗೆತ್ತಿಕೊಂಡು ನೋಡುವ ಕಾಗದ ಆ ಕಾರ್ಡು. ಬಸುರಿಯ ಜೊತೆ ಉಪಕೇಂದ್ರದಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಹಾಸನಕ್ಕೆ, ರಾತ್ರಿ ಎರಡು ಗಂಟೆಗೆ ಆಂಬುಲೆನ್ಸಿನಲ್ಲಿ ಹೋದರೂ ಕೈತಪ್ಪದೆ ಹೋಗುವುದು ಅದೊಂದೇ. ಬೀರುವಿನಲ್ಲಿ ಮಲಗಿರುವ ಸ್ಕ್ಯಾನಿಂಗ್ ರಿಪೋರ್ಟನ್ನು ತೆಗೆಸಿ ನೋಡಿ, ರಕ್ತದ ಗುಂಪು ಬರೆದಿರುವ ಪುಟದಲ್ಲೇ ‘ಎಡ ಕಿಡ್ನಿ ಹುಟ್ಟಿನಿಂದ ಇಲ್ಲ, ಕ್ಯೂ 60.0’ ಎಂದು ಕೆಂಪು ಶಾಯಿಯಲ್ಲಿ ಬರೆದುಕೊಟ್ಟರೆ, ಮುಂದಿನ ಭೇಟಿಯಲ್ಲಿ ನರ್ಸಮ್ಮ ಬಿಪಿ ಪಟ್ಟಿ ಕಟ್ಟುವಾಗ ಆ ಸಾಲನ್ನು ಓದಿಯೇ ಕಟ್ಟುತ್ತಾರೆ.